ಬೆಲ್‌ಫಾಸ್ಟಿನ ಕ್ರೌನ್ ಬಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ಗೆ ಯಾರೇ ಹೊರಟರೂ ನಾನು ಹೇಳುವ ಮಾತು ಒಂದೇ. ಟೈಟಾನಿಕ್ ಮ್ಯೂಸಿಯಂ ನೋಡಿ, ಸಂತೋಷ. ಆದರೆ ಕ್ರೌನ್ ಬಾರ್‌ನಲ್ಲಿ ಒಂದು ಗಂಟೆ ಕೂತು ಬನ್ನಿ. ಇಷ್ಟು ಹೇಳಿದ ತಕ್ಷಣ ಪ್ರಶ್ನೆ ಶುರುವಾಗುತ್ತವೆ. ಊರಿಂದ ಬರುವ ನೆಂಟರು, ಡಬ್ಲಿನ್‌ನ ಗೆಳೆಯರು, ಓದಲು ಬಂದ ಹುಡುಗರು, ಎಲ್ಲರೂ ಹೆಚ್ಚುಕಮ್ಮಿ ಇವನ್ನೇ ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಹೋಗುವ ಮುಂಚೆ

ಒಂದು ಬಾರ್ ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕು?

ಯಾಕೆಂದರೆ ನೂರು ವರ್ಷಕ್ಕೂ ಹಿಂದಿನ ಒಂದು ಕೋಣೆ ಅಲ್ಲಿ ಇನ್ನೂ ತನ್ನ ಕೆಲಸ ಮಾಡುತ್ತಿದೆ. ಟೈಲ್ಸ್, ಬಣ್ಣದ ಗಾಜು, ಕೆತ್ತಿದ ಮರ, ಗ್ಯಾಸ್ ದೀಪ, ಎಲ್ಲವೂ ಇದೆ. ಅದರ ಮಧ್ಯೆ ಜನ ಆಫೀಸು ಮುಗಿಸಿ ಬಂದು ಹರಟೆ ಹೊಡೆಯುತ್ತಾರೆ. ಹಗ್ಗ ಕಟ್ಟಿ 'ಮುಟ್ಟಬೇಡಿ' ಅಂತ ಬೋರ್ಡ್ ಹಾಕಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ಅಲ್ಲಿ ಮೇಜಿಗಾಗಿ ಕಾಯುತ್ತಾ ನಿಂತವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ದೋಸೆ ಹುಯ್ಯುತ್ತಾ ಇರುವುದರಿಂದಲೇ ಅದು ವಿದ್ಯಾರ್ಥಿ ಭವನ, ಅಲ್ವಾ? ಕ್ರೌನ್ ಕೂಡ ಹಾಗೆಯೇ. ಗ್ಲಾಸು ತುಂಬುತ್ತಾ ಇರುವುದರಿಂದಲೇ ಅದು ಕ್ರೌನ್.

ಬೋರ್ಡ್‌ನಲ್ಲಿ 'ಲಿಕ್ಕರ್ ಸಲೂನ್' ಅಂತ ಇದೆಯಲ್ಲ, ಸಲೂನ್ ಅಂದ್ರೆ ಕಟಿಂಗ್ ಶಾಪ್ ಅಲ್ವಾ?

ನಮ್ಮಲ್ಲಿ ಸಲೂನ್ ಅಂದರೆ ಕಟಿಂಗ್ ಶಾಪೇ. ಅಲ್ಲಿ ಆ ಕಾಲದಲ್ಲಿ ಸಲೂನ್ ಅಂದರೆ ಅಂದವಾಗಿ ಸಿಂಗರಿಸಿದ ದೊಡ್ಡ ಕೋಣೆ. ಹೆಂಡದಂಗಡಿ ಅನ್ನುವುದಕ್ಕಿಂತ ಸಲೂನ್ ಅಂದರೆ ಮರ್ಯಾದೆ ಜಾಸ್ತಿ. ಪೂರ್ತಿ ಹೆಸರು ಕ್ರೌನ್ ಲಿಕ್ಕರ್ ಸಲೂನ್. ಊರಿನವರು ಸುಮ್ನೆ 'ಕ್ರೌನ್' ಅನ್ನುತ್ತಾರೆ.

ಟಿಕೆಟ್ ಎಷ್ಟು?

ಟಿಕೆಟ್ ಇಲ್ಲ. ಬಾಗಿಲು ತಳ್ಳಿ ಒಳಗೆ ಹೋಗುವುದು ಅಷ್ಟೇ. ನೋಡಿ ಹಾಗೇ ಹೊರಟರೆ ಯಾರೂ ತಡೆಯುವುದಿಲ್ಲ. ಆದರೂ ಏನಾದರೂ ಒಂದು ತೆಗೆದುಕೊಂಡು ಕೂತುಕೊಳ್ಳಿ. ಆ ಕೋಣೆ ಉಳಿದಿರುವುದೇ ಅದರಿಂದ. ಅಲ್ಲಿ ನಡೆಯುವುದು ಪೌಂಡ್, ಯೂರೋ ಅಲ್ಲ. ಉತ್ತರ ಐರ್ಲೆಂಡಿನ ಬ್ಯಾಂಕುಗಳು ತಾವೇ ಪೌಂಡ್ ನೋಟು ಅಚ್ಚು ಹಾಕುತ್ತವೆ. ನೋಟಿನ ಮೇಲೆ ರಾಣಿಯೂ ಇಲ್ಲ, ರಾಜನೂ ಇಲ್ಲ ಅಂತ ಗಾಬರಿಯಾಗಬೇಡಿ.

ನಾನು ಕುಡಿಯೋದಿಲ್ಲ. ಒಳಗೆ ಹೋದ್ರೆ ಏನಾದ್ರೂ ಅಂದ್ಕೊಳ್ತಾರಾ?

ಖಂಡಿತ ಇಲ್ಲ. ಪಬ್ ಅನ್ನುವ ಪದವೇ 'ಪಬ್ಲಿಕ್ ಹೌಸ್' ಅನ್ನುವುದರ ಮೊಟಕು ರೂಪ. ಎಲ್ಲರಿಗೂ ತೆರೆದ ಮನೆ ಅಂತ ಅರ್ಥ. ಕಾಫಿ, ಜ್ಯೂಸ್, ಆಲ್ಕೋಹಾಲ್ ಇಲ್ಲದ ಬಿಯರ್, ಯಾವುದನ್ನು ಹಿಡಿದು ಕೂತರೂ ಯಾರೂ ತಿರುಗಿ ನೋಡುವುದಿಲ್ಲ. ನನ್ನ ಜೊತೆ ಬಂದಿದ್ದ ಅತ್ತೆಯೊಬ್ಬರು ಬಾಗಿಲ ಹತ್ತಿರ ಸೆರಗು ಎಳೆದುಕೊಂಡು ಹಿಂಜರಿದಿದ್ದರು. ಅರ್ಧ ಗಂಟೆ ಆದ ಮೇಲೆ 'ಇನ್ನೊಂಚೂರು ಕೂರೋಣ' ಅಂದವರೂ ಅವರೇ.

ಒಂದು ವಿಷಯ ಗೊತ್ತಿರಲಿ. ಮೇಜಿನ ಹತ್ತಿರ ಯಾರಾದರೂ ಬಂದು ಕೇಳುತ್ತಾರೆ ಅಂತ ಕಾಯಬೇಡಿ. ಸಾಮಾನ್ಯವಾಗಿ ಪಬ್‌ನಲ್ಲಿ ನಾವೇ ಕೌಂಟರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು, ಕೈಯಲ್ಲಿ ಹಿಡಿದು ತರಬೇಕು.

ಗಿನ್ನೆಸ್‌ನಲ್ಲಿ ಮೀನಿನದ್ದೇನೋ ಹಾಕ್ತಾರಂತೆ, ನಿಜಾನಾ? ನಾನು ವೆಜ್.

ಗಿನ್ನೆಸ್ ಅಂದರೆ ಐರ್ಲೆಂಡಿನ ಕಪ್ಪು ಬಿಯರು. ಅದಕ್ಕೆ ಹಿಂದೆ ಹಾಕುತ್ತಿದ್ದರು. ಬಿಯರಿನ ಗಸಿ ಬೇಗ ತಳಕ್ಕೆ ಇಳಿಯಲಿ ಅಂತ ಮೀನಿನ ಗಾಳಿಚೀಲದಿಂದ ತೆಗೆದ ಒಂದು ಅಂಟನ್ನು ಬಳಸುತ್ತಿದ್ದರು. 2016ರಲ್ಲಿ ಹೊಸ ಸೋಸುವ ಯಂತ್ರ ತಂದು, ಹಂತ ಹಂತವಾಗಿ ಅದನ್ನು ಬಿಟ್ಟರು. ಈಗ ಗಿನ್ನೆಸ್‌ನಲ್ಲಿ ಅದಿಲ್ಲ. ಬೇರೆ ಬಿಯರುಗಳ ಬಗ್ಗೆ, ಅದರಲ್ಲೂ ಪೀಪಾಯಿಯಿಂದ ಬರುವ ಏಲ್ ಅನ್ನುವ ಬಿಯರಿನ ಬಗ್ಗೆ, ಕೌಂಟರಿನಲ್ಲಿ ಕೇಳಿಯೇ ತೆಗೆದುಕೊಳ್ಳಿ. ಊಟದಲ್ಲಿ ಆ ಊರಿನದೇ ಬೇಕೆಂದರೆ 'ಚಾಂಪ್' ಕೇಳಿ ನೋಡಿ. ಬೇಯಿಸಿ ಹಿಸುಕಿದ ಆಲೂಗೆಡ್ಡೆಗೆ ಈರುಳ್ಳಿ ಸೊಪ್ಪು, ಹಾಲು, ಬೆಣ್ಣೆ. ನಮ್ಮ ನಾಲಿಗೆಗೆ ಖಾರ ಇಲ್ಲ ಅನ್ನಿಸಬಹುದು, ಆದರೆ ಚಳಿಯಲ್ಲಿ ಹಿತ.

ನಾವು ಡಬ್ಲಿನ್‌ನಲ್ಲಿದ್ದೀವಿ. ಐರ್ಲೆಂಡ್ ವೀಸಾ ಸಾಕಲ್ವಾ?

ಇದಕ್ಕೆ ಸ್ವಲ್ಪ ಗಮನ ಕೊಡಿ. ದ್ವೀಪ ಒಂದೇ, ದೇಶ ಎರಡು. ಬೆಲ್‌ಫಾಸ್ಟ್ ಇರುವುದು ಯುನೈಟೆಡ್ ಕಿಂಗ್‌ಡಮ್‌ನಲ್ಲಿ. ಗಡಿಯಲ್ಲಿ ಗೇಟ್ ಇಲ್ಲ, ಯಾರೂ ಪಾಸ್‌ಪೋರ್ಟ್ ನೋಡದೇ ಇರಬಹುದು. ಹಾಗಂತ ವೀಸಾ ಬೇಡ ಅಂತಲ್ಲ. ಭಾರತದ ಪಾಸ್‌ಪೋರ್ಟ್ ಇದ್ದು ಐರ್ಲೆಂಡಿನಲ್ಲಿ ಕೆಲಸಕ್ಕೋ ಓದಿಗೋ ಇರುವವರಿಗೆ, ಕೈಯಲ್ಲಿ ಐಆರ್‌ಪಿ ಕಾರ್ಡ್ (ಅಲ್ಲಿ ವಾಸಕ್ಕೆ ಕೊಡುವ ಪರವಾನಗಿ) ಇದ್ದರೂ, ಯುಕೆ ವೀಸಾ ಬೇಕು. ಭಾರತದಿಂದ ಪ್ರವಾಸಕ್ಕೆ ಬರುವವರಿಗೆ ಕೊಡುವ ಕೆಲವು ವೀಸಾಗಳ ಮೇಲೆ 'ಬಿಐವಿಎಸ್' (ಬ್ರಿಟನ್, ಐರ್ಲೆಂಡ್ ಸೇರಿ ಮಾಡಿದ ವೀಸಾ ಏರ್ಪಾಡು) ಅಂತ ಅಚ್ಚಾಗಿರುತ್ತದೆ. ಅಂಥ ವೀಸಾದಲ್ಲಿ ಎರಡೂ ಕಡೆ ಓಡಾಡಬಹುದು. ಮೊದಲು ವೀಸಾ ಕೊಟ್ಟ ದೇಶಕ್ಕೆ ಕಾಲಿಟ್ಟು, ಆಮೇಲೆ ಇನ್ನೊಂದಕ್ಕೆ. ಹೊರಡುವ ಮುಂಚೆ ನಿಮ್ಮ ವೀಸಾ ಕಾಗದವನ್ನು ಒಂದು ಸಲ ತೆಗೆದು ನೋಡಿ.

ಡಬ್ಲಿನ್ ಕೊನೊಲಿ ಸ್ಟೇಷನ್ನಿನಿಂದ ಎಂಟರ್‌ಪ್ರೈಸ್ ರೈಲಿನಲ್ಲಿ ಸುಮಾರು 2 ಗಂಟೆ ದಾರಿ. 2024ರಿಂದ ಅದು ಬೆಲ್‌ಫಾಸ್ಟ್ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಕ್ರೌನ್‌ಗೆ ಕೆಲವೇ ನಿಮಿಷದ ನಡಿಗೆ.

ಮಕ್ಕಳು ಇದ್ದಾರೆ, ಬಿಡ್ತಾರಾ?

ಹಗಲು ಹೊತ್ತು, ದೊಡ್ಡವರ ಜೊತೆ, ಊಟಕ್ಕೆ ಅಂತ ಹೋದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ರಾತ್ರಿ 9ರ ನಂತರ ಬೇಡ. ಬಾಗಿಲಲ್ಲೇ ಒಂದು ಮಾತು ಕೇಳಿಬಿಡಿ.

ಯಾವ ಹೊತ್ತಿಗೆ ಹೋದ್ರೆ ಒಳ್ಳೇದು?

ವಾರದ ಮಧ್ಯೆ, ಬಾಗಿಲು ತೆರೆದ ಕೂಡಲೇ. ನಾನು ಮೊದಲ ಸಲ ಹೋಗಿದ್ದು ಶನಿವಾರ ರಾತ್ರಿ. ಜನರ ಹೆಗಲು ಬಿಟ್ಟು ಬೇರೇನೂ ಕಾಣಲಿಲ್ಲ. ಮತ್ತೆ ಬುಧವಾರ ಬೆಳಗ್ಗೆ ಹೋದೆ. ಬಣ್ಣದ ಗಾಜಿನಿಂದ ಬಿಸಿಲು ನೆಲಕ್ಕೆ ಬಿದ್ದಿತ್ತು. ಒಬ್ಬಾಕೆ ಕೌಂಟರಿನ ಹಿತ್ತಾಳೆ ಒರೆಸುತ್ತಿದ್ದಳು. ನಿಜವಾಗಿ ನಾನು ಕ್ರೌನ್ ನೋಡಿದ್ದು ಅವತ್ತೇ.

## ಹಳೆಯ ಕಥೆ

ವಿಕ್ಟೋರಿಯನ್ ವಿಕ್ಟೋರಿಯನ್ ಅಂತೀರಲ್ಲ, ಅದು ಯಾವಾಗಿನದು?

ವಿಕ್ಟೋರಿಯಾ ರಾಣಿ ಇಂಗ್ಲೆಂಡಿನ ಗದ್ದುಗೆ ಮೇಲಿದ್ದ ಕಾಲ, 1837ರಿಂದ 1901. ಪಬ್‌ಗಳ ಮಟ್ಟಿಗೆ ಮುಖ್ಯವಾದದ್ದು ಅದರ ಕೊನೆಯ 20 ವರ್ಷ. ನಮಗೆ ಹತ್ತಿರದ ಅಂದಾಜು ಬೇಕೆಂದರೆ ಮೈಸೂರು ಅರಮನೆ ನೆನಪಿಸಿಕೊಳ್ಳಿ. ಈಗಿರುವ ಅರಮನೆಯ ಕೆಲಸ ಶುರುವಾಗಿದ್ದು 1897ರಲ್ಲಿ. ಅಲ್ಲಿನ ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳೂ ನವಿಲು ಚಿತ್ರದ ಗಾಜಿನ ಚಾವಣಿಯೂ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಬಣ್ಣದ ಗಾಜು, ಎರಕದ ಕಬ್ಬಿಣ, ಮೆರುಗಿನ ಟೈಲ್ಸ್, ಇವೆಲ್ಲ ಆಗ ಕಾರ್ಖಾನೆಯಲ್ಲಿ ತಯಾರಾಗಿ ರೈಲು, ಹಡಗು ಹತ್ತುತ್ತಿದ್ದವು. ಮಹಾರಾಜರ ಮಂಟಪಕ್ಕೆ ಬಂದದ್ದೂ, ಬೆಲ್‌ಫಾಸ್ಟಿನ ಕೂಲಿಯವನು ಕೂತು ಕುಡಿಯುವ ಅಂಗಡಿಗೆ ಬಂದದ್ದೂ ಒಂದೇ ಕಾಲದ ಕಸುಬು. ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ನಿಂತವರಿಗೆ ಕ್ರೌನ್‌ನಲ್ಲಿ ಆ ನೆನಪು ಬರದೇ ಇರುವುದಿಲ್ಲ.

ಇದನ್ನ ಕಟ್ಟಿಸಿದ್ದು ಯಾರು?

ಮೊದಲು ಇದರ ಹೆಸರು ರೈಲ್ವೆ ಟ್ಯಾವರ್ನ್. ಎದುರಿಗೇ ರೈಲು ನಿಲ್ದಾಣ ಇತ್ತು, 1839ರಲ್ಲಿ ಶುರುವಾದದ್ದು. ಇಳಿದವರು, ಹತ್ತುವವರು ಗಂಟಲು ಒದ್ದೆ ಮಾಡಿಕೊಳ್ಳುತ್ತಿದ್ದ ಜಾಗ. ಫೀಲಿಕ್ಸ್ ಓ'ಹ್ಯಾನ್ಲನ್ ಅನ್ನುವವರ ಕೈಯಿಂದ ಮೈಕಲ್ ಫ್ಲಾನಗನ್ ಕೈಗೆ ಬಂತು. ಮೈಕಲ್‌ನ ಮಗ ಪ್ಯಾಟ್ರಿಕ್ ಅದಕ್ಕೆ ಹೊಸ ಹೆಸರು, ಹೊಸ ರೂಪ ಎರಡನ್ನೂ ಕೊಟ್ಟ. ಆ ಬದಲಾವಣೆಗೆ ಸಾಮಾನ್ಯವಾಗಿ ಹೇಳುವ ವರ್ಷ 1885. ಮುಂದೆ 1898ರ ಹೊತ್ತಿಗೂ ದೊಡ್ಡ ಕೆಲಸ ನಡೆಯಿತು.

ಆಗಿನ ಬೆಲ್‌ಫಾಸ್ಟ್ ಹೇಗಿತ್ತು ಅಂತ ತಿಳಿದರೆ ಪ್ಯಾಟ್ರಿಕ್‌ನ ಧೈರ್ಯ ಅರ್ಥವಾಗುತ್ತದೆ. ಲಿನನ್ ಬಟ್ಟೆಯ ಗಿರಣಿಗಳು, ಹಡಗು ಕಟ್ಟೆಗಳು, ಹಗ್ಗದ ಕಾರ್ಖಾನೆಗಳು. 1888ರಲ್ಲಿ ಊರಿಗೆ ನಗರ ಅನ್ನುವ ಪಟ್ಟ ಸಿಕ್ಕಿತು. 1901ರ ಜನಗಣತಿಯಲ್ಲಿ ಸುಮಾರು 3.5 ಲಕ್ಷ ಜನ. ಕೈಯಲ್ಲಿ ಕಾಸಿತ್ತು, ಬೀದಿಗೆ ನಾಲ್ಕು ಪಬ್ ಇದ್ದವು. ಎದುರಿನವನಿಗಿಂತ ತನ್ನ ಅಂಗಡಿ ಹೊಳೆಯಬೇಕು, ಅದೇ ಪೈಪೋಟಿ. ಹೊಗೆ ತುಂಬಿದ ಪುಟ್ಟ ಮನೆಯಿಂದ ಬಂದವನಿಗೆ ಈ ಬಾಗಿಲ ಒಳಗೆ ಒಂದು ಗಂಟೆ ಅರಮನೆ ಸಿಗುತ್ತಿತ್ತು.

ಇಟಲಿಯ ಚರ್ಚ್ ಕೆಲಸಗಾರರು ಮಾಡಿದ್ದು ಅಂತಾರೆ, ಹೌದಾ?

ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು ಅದು. ಐರ್ಲೆಂಡಿನಲ್ಲಿ ಆಗ ಹೊಸ ಕ್ಯಾಥೊಲಿಕ್ ಚರ್ಚುಗಳು ಏಳುತ್ತಿದ್ದವು. ಅವುಗಳ ಕೆಲಸಕ್ಕೆ ಅಂತ ಇಟಲಿಯಿಂದ ಕುಶಲಕರ್ಮಿಗಳು ಬಂದಿದ್ದರು. ಹಗಲು ಚರ್ಚಿನ ಕೆಲಸ ಮುಗಿಸಿ, ಸಂಜೆ ಪ್ಯಾಟ್ರಿಕ್‌ನ ಪಬ್‌ನಲ್ಲಿ ಕೆಲಸ ಮಾಡಿದರು ಅಂತ ಕಥೆ. ಒಳಗೆ ನಿಂತರೆ ನಂಬಬೇಕು ಅನ್ನಿಸುತ್ತದೆ. ಕೆಂಪು ಗ್ರಾನೈಟಿನ ಕೌಂಟರ್ ಚರ್ಚಿನ ಪೂಜಾವೇದಿಕೆಯ ಹಾಗೇ ಇದೆ. ಕಂಬಗಳ ತಲೆಯಲ್ಲಿ ಎಲೆಯ ಕೆತ್ತನೆ, ಕಿಟಕಿಗೆ ಬಣ್ಣದ ಗಾಜು. ಆದರೆ ಟೈಲ್ಸ್ ಬಂದದ್ದು ಇಟಲಿಯಿಂದ ಅಲ್ಲ. ಅವು ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಜಾಕ್‌ಫೀಲ್ಡ್ ಊರಿನ ಕ್ರೇವನ್ ಡನಿಲ್ ಕಂಪನಿಯ ಕುಲುಮೆಯಲ್ಲಿ ಸುಟ್ಟವು. ಆ ಜಾಗ ಈಗ ಟೈಲ್ಸ್ ಮ್ಯೂಸಿಯಂ ಆಗಿದೆ.

ಬಾಗಿಲಲ್ಲಿ ಕಿರೀಟದ ಚಿತ್ರ ತುಳಿದೇ ಒಳಗೆ ಹೋಗ್ಬೇಕಂತೆ. ಬೇಕಂತಲೇ ಮಾಡಿದ್ದಾ?

ಬೆಲ್‌ಫಾಸ್ಟಿನವರಿಗೆ ಬಹಳ ಪ್ರೀತಿಯ ಕಥೆ ಇದು. ಪ್ಯಾಟ್ರಿಕ್‌ಗೆ ಐರ್ಲೆಂಡ್ ಸ್ವತಂತ್ರವಾಗಬೇಕು ಅನ್ನುವ ಆಸೆ. ಹೆಂಡತಿಗೆ ಬ್ರಿಟಿಷ್ ರಾಣಿಯ ಮೇಲೆ ನಿಷ್ಠೆ. ಪಬ್‌ಗೆ ಕ್ರೌನ್ ಅಂತಲೇ ಹೆಸರಿಡಬೇಕು ಅಂತ ಆಕೆ ಹಟ ಹಿಡಿದಳು. ಇವನು ಆಯ್ತು ಅಂದ. ಆದರೆ ಕಿರೀಟವನ್ನು ಮೇಲೆ ಹಾಕದೆ ಹೊಸ್ತಿಲ ಮುಂದಿನ ನೆಲದಲ್ಲಿ ಮೊಸಾಯಿಕ್ ಮಾಡಿಸಿದ. ಬಂದವರೆಲ್ಲ ಕಾಲು ಒರೆಸಿಕೊಂಡು ಬರಲಿ ಅಂತ.

ಮೊಸಾಯಿಕ್ ನಿಜ. ಕಾಲ ಕೆಳಗೇ ಇದೆ, ನೋಡದೆ ಒಳಗೆ ನುಗ್ಗಬೇಡಿ. ಗಂಡ ಹೆಂಡಿರ ಜಗಳದ ಭಾಗವನ್ನು ಮಾತ್ರ ಕಥೆ ಅಂತಲೇ ಕೇಳಿ. ರಾಜಕೀಯಕ್ಕಾಗಿ ಬೀದಿ ಬೀದಿಯಲ್ಲಿ ರಕ್ತ ಹರಿದ ಊರು ಅದು. ಅಂಥ ಊರಿನ ಎರಡೂ ಕಡೆಯವರು ಈ ಒಂದು ಕಥೆಯನ್ನು ನಗುತ್ತಾ ಹೇಳುತ್ತಾರೆ. ನನಗೆ ಅದು ದೊಡ್ಡದಾಗಿ ಕಾಣುತ್ತದೆ.

## ಒಳಗೆ

ಒಳಗೆ ಹೋದ ಮೇಲೆ ಏನೇನು ನೋಡ್ಬೇಕು? ಕಣ್ಣು ಎಲ್ಲಿ ಇಡ್ಬೇಕೋ ಗೊತ್ತಾಗಲ್ಲ.

ಮೊದಲು ಐದು ನಿಮಿಷ ಸುಮ್ನೆ ನಿಲ್ಲಿ. ಕಣ್ಣು ಆ ಮಂದ ಬೆಳಕಿಗೆ ಹೊಂದಿಕೊಳ್ಳಬೇಕು. ಎಡಕ್ಕೂ ಬಲಕ್ಕೂ ಒಂದು ಸುತ್ತು ನೋಡಿದ ಮೇಲೆ ತಲೆ ಎತ್ತಿ. ಉಬ್ಬು ಚಿತ್ತಾರದ ಚಾವಣಿ, ಕೆಂಪು, ಚಿನ್ನ, ಹಳದಿಯ ಹದವಾದ ಬಣ್ಣ. ಕೌಂಟರಿನ ಹಿಂದೆ ನಲ್ಲಿ ಹಾಕಿದ ದೊಡ್ಡ ಮರದ ಪೀಪಾಯಿಗಳ ಸಾಲು. ಅವುಗಳ ಅಕ್ಕಪಕ್ಕ ಅಕ್ಷರ ಕೊರೆದ ಕನ್ನಡಿಗಳು. ಕನ್ನಡಿ ಇರುವುದು ಅಂದಕ್ಕೆ ಅಂತ ನಾವು ಅಂದುಕೊಳ್ಳುತ್ತೇವೆ. ಆ ಕಾಲದಲ್ಲಿ ಅದು ದೀಪದ ಕೆಲಸವನ್ನೂ ಮಾಡುತ್ತಿತ್ತು. ಒಂದು ಗ್ಯಾಸ್ ದೀಪವನ್ನು ನಾಲ್ಕಾಗಿ ತೋರಿಸುತ್ತಿತ್ತು.

ಕಿಟಕಿಯ ಗಾಜಿನಲ್ಲಿ ಹುಡುಕಿದರೆ ಕಿನ್ನರಿಯರು, ಅನಾನಸ್ ಹಣ್ಣು, ವಿದೂಷಕರು ಸಿಗುತ್ತಾರೆ. ಅನಾನಸ್ ಯಾಕೆ ಅಂದಿರಾ? ಆ ಚಳಿ ನಾಡಿನಲ್ಲಿ ಅನಾನಸ್ ಅಂದರೆ ಸಿರಿವಂತಿಕೆ, ಅತಿಥಿ ಸತ್ಕಾರ. ನಮ್ಮ ಮಲೆನಾಡಿನ ಬೇಲಿ ಪಕ್ಕದಲ್ಲಿ ಬೆಳೆಯುವ ಹಣ್ಣಿಗೆ ಅಲ್ಲಿ ಆ ಗೌರವ. ಮರದಲ್ಲಿ ಕೆತ್ತಿದ ಸಿಂಹವೂ, ಹದ್ದಿನ ತಲೆ ಸಿಂಹದ ಮೈ ಇರುವ ಗ್ರಿಫಿನ್ನೂ ಗುರಾಣಿ ಹಿಡಿದು ಕೂತಿವೆ. ಅವುಗಳ ಮೇಲೆ ಲ್ಯಾಟಿನ್ ಬರಹ. ಒಂದರ ಅರ್ಥ 'ಎದೆಗಾರನಿಗೆ ಅದೃಷ್ಟ ಒಲಿಯುತ್ತದೆ', ಇನ್ನೊಂದು 'ನಾಡಿನ ಮೇಲಿನ ನಿಜ ಪ್ರೀತಿ'. ಕೌಂಟರಿನ ಬುಡದಲ್ಲಿ ಕಾಲಿಡುವ ಕಂಬಿಯನ್ನೂ ಮರೆಯಬೇಡಿ. ಅದನ್ನು ಬಿಸಿ ಮಾಡುವ ಏರ್ಪಾಡು ಇತ್ತು. ಮಳೆಯಲ್ಲಿ ನೆಂದು ಬಂದವನ ಪಾದದ ಬಗ್ಗೆಯೂ ಯಾರೋ ಯೋಚನೆ ಮಾಡಿದ್ದರು.

ಸ್ನಗ್ ಅಂದ್ರೇನು? ಹೆಂಗಸರಿಗೆ ಮಾತ್ರಾನಾ?

ಹಳೆಯ ಉಡುಪಿ ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಮ್' ಇರುತ್ತಿತ್ತಲ್ಲ, ಅರ್ಧ ಬಾಗಿಲು ತಳ್ಳಿ ಒಳಗೆ ಹೋದರೆ ನಾಲ್ಕು ಜನರ ಮೇಜು, ಗೋಡೆಯಲ್ಲಿ ಕರೆಗಂಟೆ. ಸ್ನಗ್ ಅಂದರೆ ಹೆಚ್ಚುಕಮ್ಮಿ ಅದೇ. ಕ್ರೌನ್‌ನಲ್ಲಿ ಇಂಥವು 10 ಇವೆ, ಇಂಗ್ಲಿಷ್ ವರ್ಣಮಾಲೆಯ ಎ ಇಂದ ಜೆ ವರೆಗೆ ಅಕ್ಷರ ಹಾಕಿದ್ದಾರೆ. ಎತ್ತರದ ಮರದ ಗೋಡೆ, ಬಾಗಿಲು, ಒಳಗೆ ಬೆಂಚು.

ಆಗ ಮರ್ಯಾದಸ್ಥ ಹೆಂಗಸರು ಪಬ್‌ನಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳಬಾರದು ಅನ್ನುವ ಕಟ್ಟು ಇತ್ತು. ಹಾಗಾಗಿ ಅವರು ಸ್ನಗ್ ಸೇರುತ್ತಿದ್ದರು. ಆದರೆ ಅವರಿಗೆ ಮಾತ್ರ ಅಂತಲ್ಲ. ಪಾದ್ರಿ, ಪೊಲೀಸು, ವ್ಯಾಪಾರ ಕುದುರಿಸುವವರು, ಹೊಸ ಜೋಡಿ, ಯಾರಿಗೆ ಮರೆ ಬೇಕೋ ಅವರೆಲ್ಲ ಬರುತ್ತಿದ್ದರು. ಒಳಗಿನಿಂದ ಗುಂಡಿ ಒತ್ತಿದರೆ ಹೊರಗಿನ ಬೋರ್ಡಿನಲ್ಲಿ ಯಾವ ಸ್ನಗ್ ಅಂತ ತಿಳಿಯುತ್ತಿತ್ತು, ಹುಡುಗ ಬರುತ್ತಿದ್ದ.

ಬೆಂಚಿನ ಹತ್ತಿರ ಗೋಡೆಯಲ್ಲಿ ಅಂಗೈ ಅಗಲದ ಒಂದು ಲೋಹದ ತಗಡು ಕಾಣುತ್ತದೆ. ಗನ್‌ಮೆಟಲ್ ತಗಡು. ಬೆಂಕಿಕಡ್ಡಿ ಗೀರುವುದಕ್ಕೆ ಅಂತ ಹಾಕಿದ್ದು. ಬೆರಳು ಆಡಿಸಿ ನೋಡಿ. ಸಣ್ಣ ಸಣ್ಣ ಗೀರುಗಳು ತಾಗುತ್ತವೆ. 2007ರ ಏಪ್ರಿಲ್ 30ರಿಂದ ಉತ್ತರ ಐರ್ಲೆಂಡಿನ ಪಬ್‌ಗಳ ಒಳಗೆ ಯಾರೂ ಸಿಗರೇಟು ಹಚ್ಚುವಂತಿಲ್ಲ. ತಗಡು ಮಾತ್ರ ಅಲ್ಲೇ ಇದೆ.

ಗೋಡೆಗೆಲ್ಲಾ ಟೈಲ್ಸ್ ಯಾಕೆ? ನಮ್ಮಲ್ಲಿ ಬಚ್ಚಲಿಗೆ ಹಾಕ್ತೀವಿ.

ಬಚ್ಚಲಿಗೆ ಯಾಕೆ ಹಾಕುತ್ತೇವೋ ಅಲ್ಲೂ ಅದಕ್ಕೇ ಹಾಕಿದರು. ಒಂದು ಸಲ ಒರೆಸಿದರೆ ಸಾಕು, ಹೋಯಿತು. ಒಳಗೆ ತಂಬಾಕಿನ ಹೊಗೆ, ಗ್ಯಾಸಿನ ಮಸಿ, ಚೆಲ್ಲಿದ ಬಿಯರು. ಹೊರಗೆ ಗಿರಣಿಗಳ ಕಲ್ಲಿದ್ದಲ ಹೊಗೆ, ಬಿಡದ ಮಳೆ. ಸುಣ್ಣ ಬಣ್ಣ ವರ್ಷ ತಡೆಯುತ್ತಿರಲಿಲ್ಲ. ಅಚ್ಚಿನಲ್ಲಿ ಉಬ್ಬು ಚಿತ್ರ ಒತ್ತಿ, ಬಣ್ಣದ ಮೆರುಗು ಬಳಿದು, ಕುಲುಮೆಯಲ್ಲಿ ಸುಟ್ಟ ಟೈಲ್ಸ್ ಮಾತ್ರ ಮಳೆಗೆ ತೊಳೆದು ಮತ್ತೆ ಹೊಳೆಯುತ್ತಿತ್ತು. ಕ್ರೌನ್‌ನ ಮುಂಭಾಗ ಇವತ್ತಿಗೂ ಮಳೆ ನಿಂತ ಮೇಲೆ ನೋಡಬೇಕು.

ಗಾಜಿನ ಮೇಲೆ ಮಂಜು ಕವಿದ ಹಾಗೆ ಚಿತ್ರ ಇದೆಯಲ್ಲ, ಅದು ಪೇಂಟಾ?

ಕೆಲವು ಕಡೆ ಪೇಂಟ್ ಇದೆ. ಮಂಜಿನ ಹಾಗೆ ಕಾಣುವುದು ಆಮ್ಲದಿಂದ ಕೊರೆದದ್ದು. ಚಿತ್ರದಲ್ಲಿ ಯಾವ ಭಾಗ ಹೊಳೆಯಬೇಕೋ ಅಲ್ಲಿಗೆ ಆಮ್ಲ ತಾಗದ ಹಾಗೆ ಒಂದು ಲೇಪ ಹಚ್ಚುತ್ತಾರೆ. ಮೇಲೆ ಹೈಡ್ರೋಫ್ಲೋರಿಕ್ ಆಮ್ಲ ಹಾಕಿದರೆ ಉಳಿದ ಗಾಜನ್ನು ತಿನ್ನುತ್ತದೆ. ಎರಡು ಮೂರು ಸಲ ಹೀಗೆ ಮಾಡಿದರೆ ಬೇರೆ ಬೇರೆ ಮಟ್ಟದ ಮಂಜು ಬರುತ್ತದೆ. ತುಂಬಾ ಅಪಾಯದ ಕೆಲಸ, ಆ ಆಮ್ಲ ಮೂಳೆಯನ್ನೂ ಬಿಡುವುದಿಲ್ಲ. ಇಷ್ಟು ಕಷ್ಟಪಟ್ಟಿದ್ದರ ಉದ್ದೇಶ ಸರಳ. ಬೆಳಕು ಒಳಗೆ ಬರಬೇಕು, ಬೀದಿಯವರ ಕಣ್ಣು ಬರಬಾರದು.

ಈಗಲೂ ಗ್ಯಾಸ್ ದೀಪಾನೇ ಉರಿಯತ್ತಾ?

ಹೌದು, ಉಳಿಸಿಕೊಂಡಿದ್ದಾರೆ. ಜಾತ್ರೆಯಲ್ಲಿ, ಯಕ್ಷಗಾನದ ರಂಗದಲ್ಲಿ ಪೆಟ್ರೋಮ್ಯಾಕ್ಸ್ ನೋಡಿದ ತಲೆಮಾರಿಗೆ ಆ ಬೆಳಕಿನ ಗುರುತು ಸಿಗುತ್ತದೆ. ಪೆಟ್ರೋಮ್ಯಾಕ್ಸಿನ ಒಳಗಿನ ಬಿಳಿ ಮ್ಯಾಂಟಲ್ ಇದೆಯಲ್ಲ, ಅದು ಹುಟ್ಟಿದ್ದೇ ಗ್ಯಾಸ್ ದೀಪಕ್ಕೆ. ಆಸ್ಟ್ರಿಯಾದ ಕಾರ್ಲ್ ಆವರ್ ಅದಕ್ಕೆ ಪೇಟೆಂಟ್ ಪಡೆದದ್ದು 1885ರಲ್ಲಿ. ವಿದ್ಯುತ್ ದೀಪದ ಹಾಗೆ ಕಣ್ಣಿಗೆ ಚುಚ್ಚದ, ಬೆಣ್ಣೆ ಬಣ್ಣದ ಬೆಳಕು. ಮರದ ಕೆತ್ತನೆ ಆ ಬೆಳಕಿಗೆ ಅಂತಲೇ ಮಾಡಿದ್ದು. ಮೊಬೈಲಿನ ಫ್ಲ್ಯಾಶ್ ಆರಿಸಿ ಫೋಟೋ ತೆಗೆಯಿರಿ.

## ಉಳಿಸಿದ ಬಗೆ

ಎದುರಿನ ಹೋಟೆಲಿಗೆ ಅಷ್ಟೊಂದು ಬಾಂಬ್ ಹಾಕಿದ್ರಂತೆ. ಇದು ಹೇಗೆ ಉಳೀತು?

ಗಾಯವಾಗದೆ ಉಳಿಯಲಿಲ್ಲ. ಎದುರಿಗಿದ್ದ ಹಳೆ ರೈಲು ನಿಲ್ದಾಣದ ಜಾಗದಲ್ಲಿ 1971ರಲ್ಲಿ ಯುರೋಪಾ ಹೋಟೆಲ್ ಬಂತು. ಪತ್ರಕರ್ತರೆಲ್ಲ ಅಲ್ಲೇ ಇಳಿದುಕೊಳ್ಳುತ್ತಿದ್ದರು. ಐರ್ಲೆಂಡ್ ಜೊತೆ ಸೇರಬೇಕು ಅನ್ನುವವರಿಗೂ ಬ್ರಿಟನ್ ಜೊತೆಗೇ ಇರಬೇಕು ಅನ್ನುವವರಿಗೂ ನಡೆದ ಗಲಭೆಯ ವರ್ಷಗಳಲ್ಲಿ ಅದರ ಮೇಲೆ 30ಕ್ಕೂ ಹೆಚ್ಚು ಬಾಂಬ್ ದಾಳಿ ನಡೆದವು. ರಸ್ತೆ ದಾಟಿದರೆ ಕ್ರೌನ್. ಅಲ್ಲಿ ಸಿಡಿದದ್ದಕ್ಕೆ ಇಲ್ಲಿಯ ಕಿಟಕಿ ಮತ್ತೆ ಮತ್ತೆ ಪುಡಿಯಾಯಿತು. ಹೋಟೆಲಿನ ಪಕ್ಕದಲ್ಲೇ ಇರುವ ಗ್ರ್ಯಾಂಡ್ ಒಪೇರಾ ಹೌಸ್ ಕೂಡ 1991ರಲ್ಲಿ, 1993ರಲ್ಲಿ ಪೆಟ್ಟು ತಿಂದಿತು. ಅದು 1895ರ ಕಟ್ಟಡ, ಒಳಗೆ ಚಿನ್ನದ ಬಣ್ಣದ ಆನೆ ತಲೆಗಳು, ಭಾರತದ ಶೈಲಿಯ ಅಲಂಕಾರ. ಸಮಯ ಇದ್ದರೆ ಅದನ್ನೂ ನೋಡಿ.

ಪ್ರತಿ ಸಲ ಗುಡಿಸಿ, ಹಲಗೆ ಹೊಡೆದು, ಮತ್ತೆ ಗಾಜು ಹಾಕಿ ಬಾಗಿಲು ತೆರೆದರು. ಈ ಕೋಣೆಯ ಬಗ್ಗೆ ನನಗಿರುವ ಗೌರವದಲ್ಲಿ ಅರ್ಧ ಆ ಗುಡಿಸಿದ ಕೈಗಳಿಗೆ ಸೇರಬೇಕು.

ನ್ಯಾಷನಲ್ ಟ್ರಸ್ಟ್ ಅಂದ್ರೆ ಕೋಟೆ, ಬಂಗಲೆ ನೋಡ್ಕೊಳ್ಳೋರು ಅಲ್ವಾ? ಬಾರ್ ಯಾಕೆ ತಗೊಂಡ್ರು?

1978ರಲ್ಲಿ ಟ್ರಸ್ಟ್ ಇದನ್ನು ಕೊಂಡಿತು. ಕೊಳ್ಳಲೇಬೇಕು ಅಂತ ಒತ್ತಾಯ ಮಾಡಿದವರಲ್ಲಿ ಆಗಿನ ಬ್ರಿಟನ್ನಿನ ಆಸ್ಥಾನ ಕವಿ ಜಾನ್ ಬೆಟ್ಜೆಮನ್ ಒಬ್ಬರು. ವಿಕ್ಟೋರಿಯನ್ ಕಟ್ಟಡಗಳನ್ನು ಕಂಡಕಂಡಲ್ಲಿ ಕೆಡವುತ್ತಿದ್ದ ಕಾಲದಲ್ಲಿ ಅವುಗಳ ಪರ ನಿಂತವರು ಅವರು. 1981ರಲ್ಲಿ ಸುಮಾರು 4 ಲಕ್ಷ ಪೌಂಡ್ ಹಾಕಿ ದುರಸ್ತಿ ಮಾಡಿದರು. 2007ರಲ್ಲಿ ಮತ್ತೆ ಸುಮಾರು 5 ಲಕ್ಷ. ಟ್ರಸ್ಟ್ ಕೈಯಲ್ಲಿ ಪಬ್‌ಗಳು ಕೆಲವೇ. ಲಂಡನ್ನಿನ ಸದರ್ಕ್‌ನಲ್ಲಿರುವ ಜಾರ್ಜ್ ಇನ್ ಅಂಥ ಇನ್ನೊಂದು.

ಬಾರ್ ನಡೆಸುವುದು ಟ್ರಸ್ಟ್ ಅಲ್ಲ. ಗೋಡೆ ಟ್ರಸ್ಟಿನದು, ವ್ಯಾಪಾರ ಗುತ್ತಿಗೆಗೆ ಪಡೆದ ನಿಕಲ್ಸನ್ಸ್ ಪಬ್ ಕಂಪನಿಯದು. ನನಗೆ ಇದು ಬಹಳ ಸರಿಯಾದ ಏರ್ಪಾಡು ಅನ್ನಿಸುತ್ತದೆ. ಟಿಕೆಟ್ ಇಟ್ಟು ಮ್ಯೂಸಿಯಂ ಮಾಡಿದ್ದರೆ ಬೆಲ್‌ಫಾಸ್ಟಿನವರು ಶಾಲೆಯಲ್ಲಿದ್ದಾಗ ಒಂದು ಸಲ ಬಂದು ಮರೆಯುತ್ತಿದ್ದರು.

ಕಾನೂನಿನ ರಕ್ಷಣೆ ಇದೆಯಾ? ಮಾಲೀಕರು ಬದಲಾದ್ರೆ ಒಡೆದು ಹಾಕಬಹುದಾ?

ಆಗುವುದಿಲ್ಲ. ಉತ್ತರ ಐರ್ಲೆಂಡಿನಲ್ಲಿ ಹಳೆ ಕಟ್ಟಡಗಳಿಗೆ ದರ್ಜೆ ಇದೆ, ಕ್ರೌನ್‌ಗೆ ಅತಿ ಮೇಲಿನ ಎ ದರ್ಜೆ ಸಿಕ್ಕಿದೆ. ಒಳಗಿನ ಅಲಂಕಾರಕ್ಕೂ ಅದು ಅನ್ವಯಿಸುತ್ತದೆ. ಬೇರೆ ಪಬ್‌ಗಳಿಗೆ ಈ ಅದೃಷ್ಟ ಇರಲಿಲ್ಲ. ಮೂಲೆ ಮೂಲೆಯಲ್ಲಿ ಕೂತವರ ಮೇಲೆ ಕಣ್ಣಿಡಲು ಆಗುವುದಿಲ್ಲ ಅಂತ ಲೈಸೆನ್ಸ್ ಕೊಡುವ ಅಧಿಕಾರಿಗಳಿಗೆ ಸ್ನಗ್ ಅಂದರೆ ಆಗುತ್ತಿರಲಿಲ್ಲ. 1960ರ ದಶಕದಲ್ಲಿ ದೊಡ್ಡ ಒಂದೇ ಕೋಣೆಯ ಫ್ಯಾಷನ್ ಬಂತು. ಅಡ್ಡಗೋಡೆಗಳು ಸೌದೆಯಾದವು.

ಮೇಲಿನ ಮಹಡಿಯಲ್ಲಿ ಟೈಟಾನಿಕ್ ಹಡಗಿನ ಮರ ಇದೆಯಂತೆ?

ಟೈಟಾನಿಕ್ ಅಲ್ಲ, ಅದರ ತಂಗಿ ಬ್ರಿಟಾನಿಕ್. ಎರಡನ್ನೂ ಕಟ್ಟಿದ್ದು ಬೆಲ್‌ಫಾಸ್ಟಿನ ಹಾರ್ಲ್ಯಾಂಡ್ ಆ್ಯಂಡ್ ವುಲ್ಫ್. ಬ್ರಿಟಾನಿಕ್ ಪ್ರಯಾಣಿಕರನ್ನು ಹೊರುವ ಮುಂಚೆಯೇ ಮೊದಲ ಮಹಾಯುದ್ಧ ಬಂತು. ಆಸ್ಪತ್ರೆ ಹಡಗಾಗಿ ಹೋಗಿ 1916ರ ನವೆಂಬರಿನಲ್ಲಿ ಗ್ರೀಸಿನ ಕೆಯಾ ದ್ವೀಪದ ಹತ್ತಿರ ಮುಳುಗಿತು. ಐಷಾರಾಮಿ ಕೋಣೆಗಳಿಗೆ ಅಂತ ಮಾಡಿದ್ದ ಮರದ ಕೆಲಸ ದಡದಲ್ಲೇ ಉಳಿದಿತ್ತು. ಆ ಮರದಿಂದ ಮಾಡಿದ್ದು ಅಂತಲೇ ಮೇಲಿನ ಕೋಣೆಗೆ ಬ್ರಿಟಾನಿಕ್ ಲೌಂಜ್ ಅನ್ನುವ ಹೆಸರಿತ್ತು. ಈಗ ಅದು ಊಟದ ಮನೆ.

ಬೆಲ್‌ಫಾಸ್ಟ್‌ಗೆ ಹೋಗೋಕಾಗಲ್ಲ. ಬೇರೆ ಊರಲ್ಲಿ ಇಂಥದ್ದು ಇದೆಯಾ?

ಇವೆ. ಲಂಡನ್ನಿನಲ್ಲಿ ಇರುವವರು ಹೋಬರ್ನ್‌ನ ಪ್ರಿನ್ಸೆಸ್ ಲೂಯಿಸ್‌ಗೆ ಹೋಗಿ, ಕೊರೆದ ಕನ್ನಡಿಗಳೂ 1891ರ ಟೈಲ್ಸೂ ಇವೆ. ತೆಗೆದು ಹಾಕಿದ್ದ ಅಡ್ಡಗೋಡೆಗಳನ್ನು ಅಲ್ಲಿ ಮತ್ತೆ ಮಾಡಿಸಿ ನಿಲ್ಲಿಸಿದ್ದಾರೆ. ಲಿವರ್‌ಪೂಲ್‌ನ ಫಿಲ್‌ಹಾರ್ಮೋನಿಕ್ ಡೈನಿಂಗ್ ರೂಮ್ಸ್‌ಗೆ 2020ರಲ್ಲಿ ಇಂಗ್ಲೆಂಡಿನ ಅತಿ ಮೇಲಿನ ದರ್ಜೆ ಸಿಕ್ಕಿತು. ಅಲ್ಲಿ ಗಂಡಸರ ಶೌಚಾಲಯವೂ ಗುಲಾಬಿ ಬಣ್ಣದ ಅಮೃತಶಿಲೆಯದು. ಎಡಿನ್‌ಬರೋದ ಕೆಫೆ ರಾಯಲ್‌ನಲ್ಲಿ ಹೊಸದನ್ನು ಕಂಡುಹಿಡಿದವರ ಚಿತ್ರವಿರುವ ಡೌಲ್ಟನ್ ಕಂಪನಿಯ ಟೈಲ್ಸ್ ಗೋಡೆಗಳಿವೆ. ಡಬ್ಲಿನ್‌ನವರಿಗೆ ವೀಸಾ ತಲೆನೋವೇ ಬೇಡ, ಡೇಮ್ ಕೋರ್ಟ್‌ನ ಸ್ಟ್ಯಾಗ್ಸ್ ಹೆಡ್ ಇದೆ.

ಬೆಂಗಳೂರಲ್ಲೂ ಐರಿಶ್ ಪಬ್ ಅಂತ ನೋಡಿದ್ದೀನಿ, ಅದೇ ಥರ ಇರತ್ತೆ. ವ್ಯತ್ಯಾಸ ಏನು?

ಆ ಅಲಂಕಾರವನ್ನು ಕಂಪನಿಗಳು ಪೂರ್ತಿ ಪ್ಯಾಕ್ ಮಾಡಿ ಪ್ರಪಂಚಕ್ಕೆಲ್ಲ ಕಳಿಸುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಣ್ಣು ಕಲಿತರೆ ಬೇರೆ ಗೊತ್ತಾಗುತ್ತದೆ. ಅಸಲಿಯಲ್ಲಿ ಸವೆತ ಅರ್ಥವಿರುವ ಕಡೆ ಇರುತ್ತದೆ. ಬಾಗಿಲಿನ ಹಿಡಿಯ ಸುತ್ತ, ಕೌಂಟರಿನಲ್ಲಿ ಮೊಣಕೈ ಊರುವ ಕಡೆ, ಹೊಸ್ತಿಲ ನಡುವೆ. ನಕಲಿಯಲ್ಲಿ ಎಲ್ಲ ಕಡೆ ಒಂದೇ ಸಮ ಹಳೆ ಬಣ್ಣ ಬಳಿದಿರುತ್ತಾರೆ. ಗಂಟೆಯ ಗುಂಡಿ ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ.

ಗಾಜು ಒಡೆದು ಹೊಸದು ಹಾಕಿದ್ರು, ಚಾವಣಿಗೆ ಹೊಸ ಬಣ್ಣ ಹೊಡೆದ್ರು. ಹಾಗಾದ್ರೆ ಅದು ಹಳೇದು ಹೇಗಾಗತ್ತೆ?

ತುಂಬಾ ಒಳ್ಳೆಯ ಪ್ರಶ್ನೆ. ನಾನೂ ಬಹಳ ದಿನ ಯೋಚಿಸಿದ್ದೇನೆ. ದುರಸ್ತಿ ಮಾಡುವವರ ಮುಂದೆ ಎರಡು ದಾರಿ. ಇದ್ದ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸುವುದು ಒಂದು, ಮೊದಲು ಇದ್ದ ಹಾಗೆ ಮತ್ತೆ ಮಾಡುವುದು ಇನ್ನೊಂದು. ಕ್ರೌನ್‌ನಲ್ಲಿ ಎರಡೂ ಬೇಕಾಯಿತು. ಮರ, ಟೈಲ್ಸ್, ಗ್ರಾನೈಟ್ ಉಳಿದಿದ್ದವು, ಅವನ್ನು ಶುಚಿ ಮಾಡಿ ಗಟ್ಟಿ ಮಾಡಿದರು. ಒಡೆದ ಗಾಜನ್ನು ಹಳೆಯ ಚಿತ್ತಾರದಂತೆಯೇ ಮತ್ತೆ ಮಾಡಿಸಿದರು. ಬಾಂಬಿಗೆ ಸಿಕ್ಕಿದ ಕಿಟಕಿಯನ್ನು ಖಾಲಿ ಬಿಟ್ಟಿದ್ದರೆ ಕೋಣೆಯ ಬೆಳಕೇ ಬದಲಾಗುತ್ತಿತ್ತು. ಬೆಳಕು ಬದಲಾದರೆ ಕನ್ನಡಿ, ಚಾವಣಿ ಯಾವುದೂ ಮೊದಲಿನ ಹಾಗೆ ಕಾಣುವುದಿಲ್ಲ. ಹಾಗಾಗಿ ಹೊಸ ಗಾಜು ಹಾಕಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ನಮ್ಮ ಊರುಗಳಲ್ಲಿ ಗುಡಿಯ ತೇರಿಗೆ ಗಾಲಿ ಸವೆದರೆ ಹೊಸ ಗಾಲಿ ಕೂರಿಸುತ್ತೇವೆ, ತೇರು ಅದೇ ಅನ್ನುತ್ತೇವೆ. ಅಚ್ಚು ಮುರಿದರೆ ಹೊಸ ಅಚ್ಚು. ಎಳೆಯುವುದನ್ನು ನಿಲ್ಲಿಸಿದ ತೇರು ಮಾತ್ರ ಗೆದ್ದಲು ಹಿಡಿಯುತ್ತದೆ. ಕ್ರೌನ್‌ನ ಸ್ನಗ್‌ನಲ್ಲಿ ಕೂತಾಗ ಒಂದು ಕಡೆ ಹೊಸ ಗಾಜಿನಿಂದ ಬೆಳಕು ಬರುತ್ತಿರುತ್ತದೆ. ಇನ್ನೊಂದು ಕಡೆ ಬೆರಳ ಕೆಳಗೆ ಆ ತಗಡಿನ ಹಳೆ ಗೀರುಗಳು.